ಚಡಪಡಿಸುವ ಕಾಲುಗಳೂ ಗಾಂಜಾ ಗಿಡವೂ

ದಿನವೆಲ್ಲ ದುಡಿದು ದಣಿದ ಮನುಷ್ಯನಿಗೆ ಹಾಸಿಗೆಗಿಂತ ಹಿತವಾದ ಸ್ಥಳ ಬೇರೊಂದಿಲ್ಲವೆಂದು ನಾವೆಲ್ಲರೂ ತಿಳಿದಿದ್ದೇವೆ. ಆದರೆ ಹಾಸಿಗೆಯನ್ನು ಕಂಡರೆ ಅಂಜುವ ಜನರೂ ಉಂಟು. ಅವರು ಮಲಗಿ ಸ್ವಲ್ಪ ಹೊತ್ತಾಗುವುದರೊಳಗೆ ಮೊಳಕಾಲಿನ ಕೆಳಗೆ, ಮೀನಖಂಡಗಳ ಆಳದಲ್ಲಿ, ಏನೋ ಹರಿದಾಡಿದಂತಾಗುತ್ತದೆ. ಚರ್ಮದ ಮೇಲಾದರೆ ಕೆರೆದುಕೊಳ್ಳಬಹುದಿತ್ತು. ಇದು ಮೂಳೆಯ ಹತ್ತಿರದ ಕಾಟ. ಒಬ್ಬರು ಅದನ್ನು ಇರುವೆಯ ಸಾಲಿಗೆ ಹೋಲಿಸುತ್ತಾರೆ, ಇನ್ನೊಬ್ಬರು ನೀರಿನ ಗುಳ್ಳೆಗಳಿಗೆ, ಮತ್ತೊಬ್ಬರು ನರವನ್ನು ಯಾರೋ ಮೆಲ್ಲಗೆ ಎಳೆದಂತೆ ಎನ್ನುತ್ತಾರೆ. ನೋವೆಂದು ಹೇಳಲು ಬಾರದು, ಸುಮ್ಮನಿರಲೂ ಬಿಡದು. ಕಾಲನ್ನು ಅಲುಗಿಸಲೇಬೇಕೆಂಬ ಒತ್ತಾಯ ತಡೆಯಲಾರದಷ್ಟು ಬೆಳೆಯುತ್ತದೆ. ಎದ್ದು ನಾಲ್ಕು ಹೆಜ್ಜೆ ನಡೆದೊಡನೆ ಎಲ್ಲವೂ ಮಾಯವಾಗುತ್ತದೆ. ಮರಳಿ ಮಲಗಿದರೆ ಮರಳಿ ಹಾಜರು. ಹೀಗೆ ಅಂಗಳದಲ್ಲಿಯೋ ಪಡಸಾಲೆಯಲ್ಲಿಯೋ ಅಡ್ಡಾಡುತ್ತ ಬೆಳಗಿನ ಜಾವವನ್ನು ಕಾಣುವವರು ಇದ್ದಾರೆ.

ಈ ವ್ಯಾಧಿಯ ವಿಚಿತ್ರವಿರುವುದು ಇಲ್ಲಿಯೇ. ಬೇರೆ ಕಾಯಿಲೆಗಳಿಗೆ ವೈದ್ಯರು ವಿಶ್ರಾಂತಿಯನ್ನು ವಿಧಿಸುತ್ತಾರೆ. ಇದನ್ನು ಕೆರಳಿಸುವುದೇ ವಿಶ್ರಾಂತಿ. ನಾಟಕ ನೋಡಲು ಕುಳಿತಾಗ, ರಾತ್ರಿಯ ಬಸ್ಸಿನಲ್ಲಿ ಹೊರಟಾಗ, ದೀರ್ಘ ಉಪನ್ಯಾಸ ಕೇಳುವಾಗ ಇದು ತಲೆಯೆತ್ತುತ್ತದೆ. ಅಕ್ಕಪಕ್ಕದವರು ಅದನ್ನು ಅಸಹನೆಯೆಂದೋ ಕೆಟ್ಟ ಅಭ್ಯಾಸವೆಂದೋ ಭಾವಿಸುತ್ತಾರೆ. ನಮ್ಮ ಮನೆಗಳಲ್ಲಿ ‘ಕಾಲು ಆಡಿಸಬೇಡ, ದರಿದ್ರ’ ಎಂದು ಗದರಿಸುವ ಹಿರಿಯರು, ಗದರಿಸಿಕೊಂಡವನಲ್ಲಿ ಒಬ್ಬ ರೋಗಿಯೂ ಇರಬಹುದೆಂದು ಊಹಿಸಿರಲಾರರು.

ಹೆಸರು ಹೊಸದಾದರೂ ವ್ಯಾಧಿ ಹಳೆಯದು. ಮಿದುಳಿನ ರಚನೆಯನ್ನು ಕುರಿತು ಮೊದಲು ವಿವರವಾಗಿ ಬರೆದವರಲ್ಲಿ ಒಬ್ಬನಾದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ೧೬೭೨ರಲ್ಲಿ, ಹಾಸಿಗೆಯಲ್ಲಿ ಕೈಕಾಲುಗಳು ಕುಣಿದಾಡಿ ನಿದ್ರೆಗೆಟ್ಟ ರೋಗಿಗಳನ್ನು ವರ್ಣಿಸಿದನು. ಅಫೀಮಿನಿಂದ ಮಾಡಿದ ಮದ್ದು ಅವರಿಗೆ ಶಮನ ತರುವುದನ್ನೂ ಅವನು ಕಂಡಿದ್ದನು. ಅನಂತರ ಸುಮಾರು ಮುನ್ನೂರು ವರ್ಷ ವೈದ್ಯಶಾಸ್ತ್ರ ಇದನ್ನು ಹೆಚ್ಚುಕಡಮೆ ಮರೆತೇಬಿಟ್ಟಿತ್ತು. ೧೯೪೫ರಲ್ಲಿ ಸ್ವೀಡನ್ನಿನ ನರರೋಗತಜ್ಞ ಕಾರ್ಲ್ ಆಕ್ಸೆಲ್ ಎಕ್‌ಬೋಮ್ ಇದನ್ನು ಪ್ರತ್ಯೇಕ ವ್ಯಾಧಿಯೆಂದು ಗುರುತಿಸಿ ‘ನೆಮ್ಮದಿಯಿಲ್ಲದ ಕಾಲುಗಳು’ ಎಂಬರ್ಥದ ಹೆಸರನ್ನು ಕೊಟ್ಟನು. ಈಗ ಇಬ್ಬರ ಹೆಸರನ್ನೂ ಸೇರಿಸಿ ವಿಲ್ಲಿಸ್-ಎಕ್‌ಬೋಮ್ ವ್ಯಾಧಿ ಎಂದು ಕರೆಯುವುದೂ ಉಂಟು. ಯೂರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಇದರ ಲಕ್ಷಣಗಳಿವೆಯೆಂದೂ, ಅವರಲ್ಲಿ ಎರಡು ಮೂರು ಮಂದಿಗೆ ಚಿಕಿತ್ಸೆ ಬೇಕಾಗುವಷ್ಟು ಬಾಧೆಯಿದೆಯೆಂದೂ ಅಂದಾಜು ಮಾಡಿದ್ದಾರೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಬಸುರಿಯರಲ್ಲಿ ಇನ್ನೂ ಹೆಚ್ಚು.

ರೋಗವನ್ನು ಪತ್ತೆ ಮಾಡುವುದು ಹೇಗೆ? ಇಲ್ಲಿ ಓದುಗರು ಒಂದು ಮಾತನ್ನು ಗಮನದಲ್ಲಿಡಬೇಕು, ಏಕೆಂದರೆ ಮುಂದಿನ ವಿಚಾರವೆಲ್ಲ ಇದರ ಮೇಲೆ ನಿಂತಿದೆ. ಈ ವ್ಯಾಧಿಯನ್ನು ತೋರಿಸಿಕೊಡುವ ರಕ್ತಪರೀಕ್ಷೆಯಿಲ್ಲ. ಎಕ್ಸ್-ರೇ ಚಿತ್ರದಲ್ಲಿ ಅದು ಕಾಣದು. ಕಾಲನ್ನು ಅಲುಗಿಸುವ ಒತ್ತಾಯವಿದೆಯೇ, ವಿಶ್ರಾಂತಿಯಲ್ಲಿ ಅದು ಹುಟ್ಟುವುದೇ, ನಡೆದಾಡಿದರೆ ತಗ್ಗುವುದೇ, ಸಂಜೆ ಮತ್ತು ರಾತ್ರಿಯಲ್ಲಿ ಹೆಚ್ಚುವುದೇ, ಬೇರೊಂದು ಕಾರಣದಿಂದ ಬಂದುದಲ್ಲವಷ್ಟೆ? ಈ ಐದು ಪ್ರಶ್ನೆಗಳಿಗೆ ರೋಗಿ ಕೊಡುವ ಉತ್ತರವೇ ರೋಗನಿರ್ಣಯ. ಎಂದರೆ, ರೋಗಿಯ ಮಾತನ್ನು ಬಿಟ್ಟರೆ ವೈದ್ಯನಿಗೆ ಹಿಡಿದುಕೊಳ್ಳಲು ಬೇರೆ ಆಧಾರವೇ ಕಡಮೆ.

ಕಾರಣದ ಅನ್ವೇಷಣೆ ಕಬ್ಬಿಣದ ಬಳಿಗೆ ಒಯ್ಯುತ್ತದೆ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವಿದೆ. ಚಲನೆಯನ್ನು ಹದವಾಗಿಡುವ ಸಂದೇಶಗಳನ್ನು ಒಂದು ನರಕೋಶದಿಂದ ಇನ್ನೊಂದಕ್ಕೆ ಮುಟ್ಟಿಸುವುದು ಅದರ ಕೆಲಸಗಳಲ್ಲಿ ಒಂದು. ಅದನ್ನು ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕು. ಈ ರೋಗಿಗಳ ಮಿದುಳಿನ ಕೆಲವು ಭಾಗಗಳಲ್ಲಿ ಕಬ್ಬಿಣದ ದಾಸ್ತಾನು ಕಡಮೆಯಿರುವುದು ಕಂಡುಬಂದಿದೆ. ಸೋಜಿಗವೆಂದರೆ, ರಕ್ತದಲ್ಲಿ ಕಬ್ಬಿಣ ಸಾಕಷ್ಟಿದ್ದರೂ ಮಿದುಳಿನಲ್ಲಿ ಬರ ಬಂದಿರಬಹುದು. ಊರ ಕೆರೆ ತುಂಬಿದ್ದರೂ ಕೊನೆಯ ಗದ್ದೆಗೆ ನೀರು ಹರಿಯದಿರುವಂತೆ. ವಂಶಪಾರಂಪರ್ಯವೂ ಇದರಲ್ಲಿ ಸೇರಿದೆ. ೨೦೦೭ರಲ್ಲಿ ವಿಜ್ಞಾನಿಗಳು ಈ ವ್ಯಾಧಿಗೆ ಸಂಬಂಧಿಸಿದ ಕೆಲವು ವಂಶವಾಹಿಗಳನ್ನು ಗುರುತಿಸಿದರು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ಶೇಕಡ ೫೭ ಮಂದಿಗೆ ರಕ್ತಹೀನತೆಯಿದೆಯೆಂದು ತಿಳಿದುಬಂದ ನಮ್ಮ ದೇಶದಲ್ಲಿ, ಕಾಲು ಚಡಪಡಿಸುವುದೆಂದು ದೂರುವವರ ಕಬ್ಬಿಣದ ದಾಸ್ತಾನನ್ನು, ಎಂದರೆ ಫೆರಿಟಿನ್ ಪ್ರಮಾಣವನ್ನು, ಮೊದಲು ಅಳೆಯಿಸಬೇಕೆಂಬುದು ಸಹಜವಾದ ಸಲಹೆ. ನಿದ್ರೆ ಬಾರದೆಂದು ತಾವಾಗಿಯೇ ನೆಗಡಿಯ ಮಾತ್ರೆ ನುಂಗುವವರಿಗೂ ಒಂದು ಮಾತು: ತೂಕಡಿಕೆ ಬರಿಸುವ ಅಂಥ ಹಲವು ಮಾತ್ರೆಗಳು ಈ ವ್ಯಾಧಿಯನ್ನು ಹೆಚ್ಚಿಸುತ್ತವೆ.

ಇನ್ನು ಮದ್ದಿನ ಕಥೆ. ೧೯೮೨ರಲ್ಲಿ ಟರ್ಕಿಯ ವೈದ್ಯ ಅಕ್‌ಪಿನಾರ್, ದೇಹದಲ್ಲಿ ಡೋಪಮೈನ್ ಆಗಿ ಮಾರ್ಪಡುವ ಲೆವೊಡೋಪಾ ಎಂಬ ಮದ್ದು ಚಡಪಡಿಕೆಯನ್ನು ನಿಲ್ಲಿಸುತ್ತದೆಯೆಂದು ವರದಿ ಮಾಡಿದನು. ವರ್ಷಗಟ್ಟಲೆ ನಿದ್ರೆ ಕಾಣದವರು ಮೊದಲ ಕೆಲವು ರಾತ್ರಿಗಳಲ್ಲಿಯೇ ನಿದ್ರಿಸಿದರು. ಆದರೆ ೧೯೯೬ರಲ್ಲಿ ಅಮೆರಿಕದ ಅಲೆನ್ ಮತ್ತು ಅರ್ಲಿ ಎಂಬ ಸಂಶೋಧಕರು ಈ ನಾಣ್ಯದ ಇನ್ನೊಂದು ಮುಖವನ್ನು ತೋರಿಸಿದರು. ಕೆಲಕಾಲದ ಮೇಲೆ ಹೆಚ್ಚಿನ ರೋಗಿಗಳಲ್ಲಿ ವ್ಯಾಧಿ ತಗ್ಗುವುದರ ಬದಲು ಉಲ್ಬಣಿಸುತ್ತಿತ್ತು. ರಾತ್ರಿ ಬರುತ್ತಿದ್ದ ಚಡಪಡಿಕೆ ಸಂಜೆಗೇ, ಬಳಿಕ ಮಧ್ಯಾಹ್ನಕ್ಕೇ ಬರತೊಡಗಿತು; ಕಾಲಿನಲ್ಲಿದ್ದುದು ತೋಳಿಗೂ ಹಬ್ಬಿತು. ಮದ್ದನ್ನು ಹೆಚ್ಚಿಸಿದರೆ ತಾತ್ಕಾಲಿಕವಾಗಿ ಹಿತ, ಆಮೇಲೆ ಮೊದಲಿಗಿಂತ ಹೆಚ್ಚಿನ ಬಾಧೆ. ಡೋಪಮೈನನ್ನು ಅನುಕರಿಸುವ ರೋಪಿನಿರೋಲ್, ಪ್ರಮಿಪೆಕ್ಸೋಲ್ ಎಂಬ ಮದ್ದುಗಳು ೨೦೦೫ ಮತ್ತು ೨೦೦೬ರಲ್ಲಿ ಅಮೆರಿಕದಲ್ಲಿ ಈ ವ್ಯಾಧಿಗೆಂದೇ ಒಪ್ಪಿಗೆ ಪಡೆದವು. ಅವುಗಳ ಗತಿಯೂ ಬಹುಮಟ್ಟಿಗೆ ಇದೇ ಆಯಿತು. ಕೆಲವು ರೋಗಿಗಳಲ್ಲಿ ಅವು ಜೂಜಿನ ಚಟವನ್ನೂ, ಸಿಕ್ಕಸಿಕ್ಕದ್ದನ್ನು ಕೊಳ್ಳುವ ಹುಚ್ಚನ್ನೂ ಹುಟ್ಟಿಸಿದವು. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ ೨೦೨೫ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಈ ಮದ್ದುಗಳನ್ನು ವಾಡಿಕೆಯಾಗಿ ಕೊಡಬಾರದೆಂದು ಹೇಳಿ, ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಮತ್ತು ರಕ್ತನಾಳದ ಮೂಲಕ ಕೊಡುವ ಕಬ್ಬಿಣಗಳಿಗೆ ಮೊದಲ ಸ್ಥಾನ ಕೊಟ್ಟಿದೆ. ಮೊದಲ ರಾತ್ರಿಯ ಸುಖವನ್ನು ನೋಡಿ ಒಂದು ಮದ್ದಿನ ಯೋಗ್ಯತೆಯನ್ನು ಅಳೆಯಲಾಗದೆಂಬುದನ್ನು ಕಲಿಯಲು ವೈದ್ಯರಿಗೆ ಹಲವು ವರ್ಷಗಳು ಬೇಕಾದವು; ಅದರ ಬೆಲೆಯನ್ನು ತೆತ್ತವರು ರೋಗಿಗಳು.

ಇಂಥ ಹಾದಿಯಲ್ಲಿ ಸೋತುಬಂದವರು ಬೇರೆ ಮದ್ದನ್ನು ಹುಡುಕಿದರೆ ಆಶ್ಚರ್ಯವಿಲ್ಲ. ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು ೨೦೧೭ರಲ್ಲಿ ಒಂದು ಪುಟ್ಟ ವರದಿಯನ್ನು ಪ್ರಕಟಿಸಿದರು. ಅವರ ಬಳಿಗೆ ಬರುತ್ತಿದ್ದ ಆರು ಮಂದಿ ರೋಗಿಗಳು, ಕೇಳದೆಯೇ, ತಾವು ಗಾಂಜಾ ಬಳಸಿದುದಾಗಿಯೂ ಅದರಿಂದ ಕಾಲಿನ ಬಾಧೆ ಪೂರ್ತಿಯಾಗಿ ಹೋದುದಾಗಿಯೂ ಹೇಳಿದರು. ಹೆಚ್ಚಿನವರು ಅದನ್ನು ಸೇದಿದವರು. ಒಬ್ಬರು ಮಾತ್ರ ಅದರ ಒಂದು ಅಂಶವಾದ ಕ್ಯಾನಬಿಡಿಯಾಲನ್ನು ನಾಲಗೆಯ ಕೆಳಗೆ ಇಟ್ಟುಕೊಂಡವರು. ೨೦೨೦ರಲ್ಲಿ ಅದೇ ನಗರದ ವೈದ್ಯ ಇಮಾದ್ ಘೋರಾಯೆಬ್ ಇನ್ನೂ ೧೨ ರೋಗಿಗಳ ಅನುಭವವನ್ನು ಸೇರಿಸಿದನು. ಅಲ್ಲಿಯೂ ಹೆಚ್ಚಿನವರು ಸೇದಿದವರು, ಅವರ ಮಾತೂ ಹೆಚ್ಚುಕಡಮೆ ಹಿಂದಿನವರದೇ. ವೈದ್ಯನೆದುರಿಗೆ ಗಾಂಜಾ ಸೇದಿದೆನೆಂದು ಒಪ್ಪಿಕೊಳ್ಳುವುದು ಸುಲಭವಲ್ಲ, ಅದರಲ್ಲಿಯೂ ಅದು ಕಾನೂನಿಗೆ ವಿರುದ್ಧವಾಗಿದ್ದ ಫ್ರಾನ್ಸಿನಲ್ಲಿ. ಆದ್ದರಿಂದ ಈ ಮಾತುಗಳನ್ನು ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಾಗಾದರೆ ಅವುಗಳನ್ನು ಎಷ್ಟರಮಟ್ಟಿಗೆ ನಂಬಬೇಕು?

ಈ ಪ್ರಶ್ನೆಗೆ ಮೊದಲು ಗಿಡವನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳೋಣ. ಅದು ನಮಗೆ ಹೊಸದಲ್ಲ. ಎಲೆ ಭಂಗಿ, ಹೂವಿನ ತೆನೆ ಗಾಂಜಾ, ಅಂಟು ಚರಸ್. ಒಂದೇ ಗಿಡದ ಮೂರು ರೂಪಗಳಿಗೆ ನಮ್ಮಲ್ಲಿ ಮೂರು ಹೆಸರುಗಳಿವೆ. ಪಾಶ್ಚಾತ್ಯ ವೈದ್ಯಕ್ಕೆ ಅದನ್ನು ಪರಿಚಯಿಸಿದ ಕೆಲಸವೂ ಭಾರತದಲ್ಲಿಯೇ ನಡೆಯಿತು. ಕಲ್ಕತ್ತದ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದ ಐರ್ಲೆಂಡಿನ ವಿಲಿಯಂ ಓಷಾನೆಸ್ಸಿ, ಮೊದಲು ಪ್ರಾಣಿಗಳ ಮೇಲೆಯೂ ಅನಂತರ ರೋಗಿಗಳ ಮೇಲೆಯೂ ಗಾಂಜಾವನ್ನು ಪರೀಕ್ಷಿಸಿ ೧೮೩೯ರಲ್ಲಿ ಫಲಿತಾಂಶವನ್ನು ಮಂಡಿಸಿದನು. ಸಂಧಿವಾತ, ಧನುರ್ವಾಯು, ಹುಚ್ಚುನಾಯಿ ಕಡಿತ ಇವುಗಳಲ್ಲಿ ಅದನ್ನು ಕೊಟ್ಟು ನೋಡಿದ್ದನು. ಹುಚ್ಚುನಾಯಿ ಕಚ್ಚಿದ ರೋಗಿ ಬದುಕಲಿಲ್ಲ. ಆದರೆ ಅವನ ಕೊನೆಗಾಲದ ಸಂಕಟ ತಗ್ಗಿತೆಂದು ಓಷಾನೆಸ್ಸಿ ಬರೆದನು. ರೋಗವನ್ನು ಗುಣಪಡಿಸುವುದು ಬೇರೆ, ಬಾಧೆಯನ್ನು ಶಮನಗೊಳಿಸುವುದು ಬೇರೆ ಎಂಬ ಭೇದವನ್ನು ಅವನು ಕಂಡಿದ್ದನೆಂಬುದು ಮೆಚ್ಚತಕ್ಕ ವಿಷಯ. (ಭಾರತದಲ್ಲಿ ತಂತಿ ಸಮಾಚಾರದ ಜಾಲವನ್ನು ಹರಡಿಸಿದವನೂ ಇದೇ ಪುಣ್ಯಾತ್ಮ. ಆ ಕಾಲದ ವಿದ್ವಾಂಸರಿಗೆ ಒಂದು ಜನ್ಮ ಸಾಲುತ್ತಿರಲಿಲ್ಲವೆಂದು ತೋರುತ್ತದೆ.)

ಗಿಡದ ಮತ್ತಿಗೆ ಕಾರಣವಾದ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದವರು ಇಸ್ರೇಲಿನ ಗಾವೋನಿ ಮತ್ತು ಮೆಶೂಲಮ್, ಅದು ೧೯೬೪ರಲ್ಲಿ. ಅದರ ಉದ್ದನೆಯ ಹೆಸರನ್ನು ಟಿ. ಎಚ್. ಸಿ. ಎಂದು ಮೊಟಕುಮಾಡಿದ್ದಾರೆ. ಕ್ಯಾನಬಿಡಿಯಾಲ್ ಎಂಬುದು ಅದರ ಸೋದರ ವಸ್ತು, ಆದರೆ ಮತ್ತು ಬರಿಸದು. ಟಿ. ಎಚ್. ಸಿ. ಮಿದುಳಿನ ಮೇಲೆ ಕೆಲಸ ಮಾಡುವುದು ಹೇಗೆ? ಬೀಗವಿಲ್ಲದೆ ಕೀಲಿಕೈ ವ್ಯರ್ಥ. ನರಕೋಶಗಳ ಮೇಲೆ ಆ ಬೀಗ, ಅಂದರೆ ಗ್ರಾಹಕ, ಇರುವುದು ೧೯೮೮ರಲ್ಲಿ ಸಿದ್ಧವಾಯಿತು. ಎಲ್ಲಿಯೋ ಹೊಲದಲ್ಲಿ ಬೆಳೆಯುವ ಗಿಡಕ್ಕಾಗಿ ಪ್ರಕೃತಿ ನಮ್ಮ ತಲೆಯೊಳಗೆ ಬೀಗವನ್ನು ಮಾಡಿಟ್ಟಿರಲಾರದು. ದೇಹವೇ ತಯಾರಿಸುವ ಕೀಲಿಕೈ ಇರಲೇಬೇಕು. ೧೯೯೨ರಲ್ಲಿ ಮೆಶೂಲಮ್‌ನ ಪ್ರಯೋಗಶಾಲೆಯಲ್ಲಿ ಹಂದಿಯ ಮಿದುಳಿನಿಂದ ಅದು ದೊರಕಿತು. ಅದಕ್ಕೆ ಅವರು ಇಟ್ಟ ಹೆಸರು ಆನಂದಮೈಡ್. ನಮ್ಮ ‘ಆನಂದ’ ಶಬ್ದವೇ ಜೆರುಸಲೇಮಿನ ಸೀಸೆಯ ಮೇಲೆ ಹೀಗೆ ಬಂದು ಕುಳಿತಿತು.

ಈ ಗ್ರಾಹಕಗಳು ಮಿದುಳಿನಲ್ಲಿ ಚಲನೆಯನ್ನು ಹತೋಟಿಯಲ್ಲಿಡುವ ಆಳದ ಗಂಟುಗಳಲ್ಲಿ ದಟ್ಟವಾಗಿವೆ. ಡೋಪಮೈನ್ ಕೆಲಸ ಮಾಡುವ ಮುಖ್ಯ ನೆಲೆಗಳಲ್ಲಿ ಅವೂ ಸೇರಿವೆ. ಆದ್ದರಿಂದ ಗಾಂಜಾ ಕಾಲಿನ ಚಡಪಡಿಕೆಯನ್ನು ತಗ್ಗಿಸುವುದು ಅಸಂಭವವೇನಲ್ಲ. ಆದರೆ ‘ಅಸಂಭವವಲ್ಲ’ ಎಂಬುದಕ್ಕೂ ‘ನಿಜ’ ಎಂಬುದಕ್ಕೂ ನಡುವೆ ಬಹಳ ದೂರ. ಲೆವೊಡೋಪಾದ ವಿಚಾರದಲ್ಲಿ ತರ್ಕ ಇದಕ್ಕಿಂತಲೂ ಚೆನ್ನಾಗಿತ್ತು.

ಈಗ ಬೋರ್ಡೋ ನಗರದ ರೋಗಿಗಳ ಮಾತಿಗೆ ಮರಳೋಣ. ಅವರು ಹೇಳಿದುದು ಪ್ರಾಮಾಣಿಕವೆಂದೇ ಇಟ್ಟುಕೊಳ್ಳೋಣ. ಆದರೂ ಮೊದಲನೆಯ ತೊಡಕು, ಹೇಳಲು ಬಂದವರು ಯಾರೆಂಬುದು. ಗಾಂಜಾ ಸೇದಿ ಹಿತ ಕಾಣದವನು ಅದನ್ನು ವೈದ್ಯನಿಗೆ ತಿಳಿಸಲು ಕಾರಣವೇನಿದೆ? ಅವನು ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಾನೆ. ಹರಕೆ ಫಲಿಸಿದವರು ದೇವಸ್ಥಾನಕ್ಕೆ ಬಂದು ಗಂಟೆ ಕಟ್ಟುತ್ತಾರೆ. ಫಲಿಸದವರ ಗಂಟೆಗಳನ್ನು ಎಣಿಸಲು ಸಾಧ್ಯವಿಲ್ಲ. ಹದಿನೆಂಟು ಮಂದಿಗೆ ಹಿತವಾಯಿತೆಂದಾಗ, ಎಷ್ಟು ಮಂದಿಯಲ್ಲಿ ಹದಿನೆಂಟು ಎಂಬುದು ತಿಳಿಯದೆ ಲೆಕ್ಕ ಪೂರ್ತಿಯಾಗದು.

ಎರಡನೆಯದು ಇದಕ್ಕಿಂತ ಗಹನವಾದುದು. ಪ್ಲಸೀಬೊ ಎಂದು ವೈದ್ಯರು ಕರೆಯುವ ಹುಸಿಮದ್ದು, ಎಂದರೆ ಮದ್ದಿನಂತೆಯೇ ಕಾಣುವ ಆದರೆ ಮದ್ದಿನ ಅಂಶವಿಲ್ಲದ ಗುಳಿಗೆ, ಈ ವ್ಯಾಧಿಯಲ್ಲಿ ಅಸಾಧಾರಣ ಪರಿಣಾಮವನ್ನು ತೋರಿಸುತ್ತದೆ. ಹಲವು ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ೨೦೦೮ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದರಲ್ಲಿ, ಹುಸಿಮದ್ದು ನುಂಗಿದವರಲ್ಲಿಯೇ ನೂರಕ್ಕೆ ಸುಮಾರು ನಲವತ್ತು ಮಂದಿ ಗಣನೀಯವಾಗಿ ಸುಧಾರಿಸಿದ್ದು ಕಂಡುಬಂದಿತು. ಇದು ರೋಗಿಗಳ ನಟನೆಯಲ್ಲ. ಹಿತ ಬರುವುದೆಂಬ ನಿರೀಕ್ಷೆಯೇ ಮಿದುಳಿನಲ್ಲಿ ಡೋಪಮೈನನ್ನೂ, ಅಫೀಮಿನಂಥ ದೇಹಜನ್ಯ ದ್ರವ್ಯಗಳನ್ನೂ ಹೊರಡಿಸಬಲ್ಲದು. ಈ ವ್ಯಾಧಿಗೆ ಹಿಡಿಸುವ ಮದ್ದುಗಳೂ ಅವೇ ಜಾತಿಯವು. ನಂಬಿಕೆ ಇಲ್ಲಿ ನಿಜವಾದ ರಸಾಯನವನ್ನೇ ಸುರಿಸುತ್ತದೆ. ಅದಕ್ಕಾಗಿಯೇ ಯಾವ ಹೊಸ ಮದ್ದಾದರೂ ಹುಸಿಮದ್ದಿನ ಎದುರಿಗೆ ನಿಂತು ಗೆಲ್ಲಬೇಕು. ಗಾಂಜಾದ ಮಟ್ಟಿಗೆ ಈ ಪಂದ್ಯವನ್ನು ಏರ್ಪಡಿಸುವುದೇ ಕಷ್ಟ. ತನಗೆ ಸಿಕ್ಕಿದ್ದು ನಿಜವಾದದ್ದೋ ಹುಸಿಯೋ ಎಂಬುದು ರೋಗಿಗೆ ಗೊತ್ತಿರಬಾರದು. ಆದರೆ ತಲೆ ತೇಲಾಡತೊಡಗಿದ ಮೇಲೆ ಗುಟ್ಟು ಉಳಿಯುವುದೆಲ್ಲಿ?

ಮತ್ತೊಂದು ಸಂದೇಹವುಂಟು. ಗಾಂಜಾ ಶಾಂತಗೊಳಿಸಿದ್ದು ಕಾಲನ್ನೋ, ಕಾಲನ್ನು ಗಮನಿಸುವ ಮನಸ್ಸನ್ನೋ? ಟಿ. ಎಚ್. ಸಿ. ನಿದ್ರೆಯನ್ನು ಬೇಗ ಬರಿಸುತ್ತದೆ. ಸೇದಿದರೆ ಕೆಲವೇ ನಿಮಿಷಗಳಲ್ಲಿ ಪರಿಣಾಮ ತೋರುತ್ತದೆ. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಕಾಯಬೇಕು. ಬೇಗ ನಿದ್ರೆ ಹೋದವನಿಗೆ ಕಾಲಿನ ಕಾಟ ಇರುವುದೂ ಇಲ್ಲದಿರುವುದೂ ಒಂದೇ. ರೋಗಿಯ ದೃಷ್ಟಿಯಿಂದ ಇದು ಕ್ಷುಲ್ಲಕ ಭೇದವೆಂದು ಓದುಗರು ಕೇಳಬಹುದು. ಕೇಳುವುದರಲ್ಲಿ ನ್ಯಾಯವೂ ಇದೆ. ಆದರೆ ಬರಿಯ ನಿದ್ರಾಜನಕವಾಗಿದ್ದರೆ ಅದಕ್ಕೆ ದೇಹ ಒಗ್ಗಿಹೋಗುತ್ತದೆ. ದಿನವೂ ಬಳಸುವವರಲ್ಲಿ ಈ ಗುಣ ಕುಂದುತ್ತ ಬರುತ್ತದೆ. ಬಿಟ್ಟ ಮೇಲೆ ಕೆಲವು ದಿನ ನಿದ್ರೆ ಕೆಟ್ಟು ಕನಸುಗಳು ಮುತ್ತುತ್ತವೆ. ಡೋಪಮೈನ್ ಮದ್ದುಗಳಲ್ಲಿ ಕಂಡಂಥ ಉಲ್ಬಣ ಇಲ್ಲಿಯೂ ಬರುವುದೇ ಎಂಬುದಕ್ಕೆ ಒಂದು ರಾತ್ರಿಯ ಅನುಭವ ಉತ್ತರ ಹೇಳಲಾರದು.

ಮತ್ತಿಲ್ಲದ ಕ್ಯಾನಬಿಡಿಯಾಲ್ ಮಾತ್ರ ಹುಸಿಮದ್ದಿನೆದುರು ಒಮ್ಮೆ ಪರೀಕ್ಷೆಗೆ ನಿಂತಿದೆ. ಪಾರ್ಕಿನ್ಸನ್ ರೋಗದ ಜೊತೆಗೆ ಕಾಲಿನ ಚಡಪಡಿಕೆಯೂ ಇದ್ದ ಕೆಲವು ರೋಗಿಗಳಿಗೆ ಬ್ರೆಜಿಲಿನ ವೈದ್ಯರು ದಿನಕ್ಕೆ ೭೫ರಿಂದ ೩೦೦ ಮಿಲಿಗ್ರಾಂವರೆಗೆ ಅದನ್ನು ಕೊಟ್ಟಿದ್ದರು. ೨೦೨೩ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅದಕ್ಕೂ ಹುಸಿಮದ್ದಿಗೂ ವ್ಯತ್ಯಾಸ ಕಾಣಲಿಲ್ಲ. ಪರೀಕ್ಷೆ ಚಿಕ್ಕದು, ರೋಗಿಗಳೂ ವಿಶೇಷ ವರ್ಗದವರು. ಇದನ್ನೇ ಅಂತಿಮ ತೀರ್ಪೆನ್ನಲಾಗದು. ಕ್ಯಾನಬಿಡಿಯಾಲ್ ಎಣ್ಣೆಯನ್ನು ಸರ್ವರೋಗ ಪರಿಹಾರಕವೆಂದು ಮಾರುವ ಜಾಹೀರಾತುಗಳನ್ನು ಓದುವಾಗ ಮಾತ್ರ ಇದನ್ನು ನೆನೆಯುವುದು ಒಳ್ಳೆಯದು.

ರೋಗಿಯ ಮಾತಿನಿಂದ ಹೊರಟ ದಾರಿ ಗುರಿ ಮುಟ್ಟಿದ ಉದಾಹರಣೆಯೂ ಇದೇ ಗಿಡದ್ದು ಇದೆ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಘೋರವಾದ ಅಪಸ್ಮಾರದಿಂದ ನರಳುತ್ತಿದ್ದ ಒಬ್ಬ ಪುಟ್ಟ ಹುಡುಗಿಗೆ ಕ್ಯಾನಬಿಡಿಯಾಲ್ ಹೆಚ್ಚಾಗಿದ್ದ ಎಣ್ಣೆಯಿಂದ ಸೆಳವುಗಳು ತಗ್ಗಿದ ಸಂಗತಿ ೨೦೧೩ರಲ್ಲಿ ಟೆಲಿವಿಷನ್ನಿನ ಮೂಲಕ ಜನಜನಿತವಾಯಿತು. ಅದು ಒಂದೇ ಮಗುವಿನ ಕಥೆ. ಆದರೆ ವೈದ್ಯರು ಅದನ್ನು ನಗೆಗೀಡು ಮಾಡಲಿಲ್ಲ, ಕಣ್ಣು ಮುಚ್ಚಿ ನಂಬಲೂ ಇಲ್ಲ. ಡ್ರಾವೆ ಎಂಬ ಅದೇ ಜಾತಿಯ ಅಪಸ್ಮಾರವಿದ್ದ ೧೨೦ ಮಕ್ಕಳನ್ನೂ ತರುಣರನ್ನೂ ಎರಡು ಗುಂಪು ಮಾಡಿ ಪರೀಕ್ಷಿಸಿದರು. ಫಲಿತಾಂಶ ೨೦೧೭ರಲ್ಲಿ ಹೊರಬಂದಿತು: ಮದ್ದು ಪಡೆದವರಲ್ಲಿ ತಿಂಗಳಿಗೆ ೧೨.೪ ಇದ್ದ ಸೆಳವುಗಳ ಮಧ್ಯಮ ಸಂಖ್ಯೆ ೫.೯ಕ್ಕೆ ಇಳಿದಿತ್ತು, ಹುಸಿಮದ್ದು ಪಡೆದವರಲ್ಲಿ ೧೪.೯ರಿಂದ ೧೪.೧ಕ್ಕೆ ಮಾತ್ರ. ಮರುವರ್ಷವೇ ಅಮೆರಿಕದ ಸರ್ಕಾರ ಆ ಮದ್ದಿಗೆ ಒಪ್ಪಿಗೆ ಕೊಟ್ಟಿತು. ಸೆಳವನ್ನು ತಾಯಿ ಎಣಿಸಬಹುದು, ದಾದಿ ಎಣಿಸಬಹುದು. ಕಾಲಿನೊಳಗಣ ಹರಿದಾಟವನ್ನು ಎಣಿಸುವವರು ಯಾರು? ಅಪಸ್ಮಾರಕ್ಕೆ ಒದಗಿದ ಸೌಲಭ್ಯ ನಮ್ಮ ರೋಗಿಗೆ ಇಲ್ಲ.

ವಿದ್ಯಾರ್ಥಿ ಓದುಗರಿಗೆ ಇನ್ನೊಂದು ವಿಷಯವನ್ನು ತಿಳಿಸದೆ ಬಿಡಲಾಗದು. ಮಿದುಳು ಇಪ್ಪತ್ತು ದಾಟಿದ ಮೇಲೂ ಕೆಲವು ವರ್ಷ ಬಲಿಯುತ್ತಲೇ ಇರುತ್ತದೆ. ಎಳೆಯ ವಯಸ್ಸಿನಲ್ಲಿ, ಪದೇ ಪದೇ, ಟಿ. ಎಚ್. ಸಿ. ಹೆಚ್ಚಾಗಿರುವ ಗಾಂಜಾವನ್ನು ಬಳಸುವವರಲ್ಲಿ ಮತಿಭ್ರಮೆಯ ಅಪಾಯ ಹೆಚ್ಚೆಂಬುದಕ್ಕೆ ಸಾಕಷ್ಟು ಆಧಾರವಿದೆ. ಮುದುಕರಲ್ಲಿ ತಲೆಸುತ್ತಿ ಬೀಳುವ ಭಯ. ಹೊಗೆಯಂತೂ ಯಾರ ಶ್ವಾಸಕೋಶಕ್ಕೂ ಹಿತವಲ್ಲ. ನಮ್ಮ ದೇಶದ ೧೯೮೫ರ ಮಾದಕ ವಸ್ತುಗಳ ಕಾಯಿದೆ ಗಾಂಜಾ ಮತ್ತು ಚರಸ್‌ಗಳನ್ನು ಇಟ್ಟುಕೊಳ್ಳುವುದನ್ನೂ ಬಳಸುವುದನ್ನೂ ಅಪರಾಧವೆಂದು ಎಣಿಸಿದೆ; ಬರಿಯ ಎಲೆಯನ್ನು ಅದು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ ಭಂಗಿಯ ವಿಚಾರ ರಾಜ್ಯಗಳ ಕಾನೂನಿಗೆ ಸೇರಿದೆ. ಮೇಲೆ ಹೇಳಿದ ೨೦೨೫ರ ಮಾರ್ಗಸೂಚಿ ಶಿಫಾರಸು ಮಾಡಿದ ಮದ್ದುಗಳಲ್ಲಿಯೂ ಗಾಂಜಾ ಇಲ್ಲ.

ಹಾಗೆಂದು ಹದಿನೆಂಟು ಮಂದಿಯ ಮಾತು ಗಾಳಿಗೆ ಹೋಗಬೇಕಾಗಿಲ್ಲ. ಕಾಲಿನ ಚಡಪಡಿಕೆಯನ್ನು ಸ್ವಲ್ಪಮಟ್ಟಿಗಾದರೂ ರೋಗಿಯ ಬಾಯಿಯ ಹೊರಗೆ ತಂದು ಅಳೆಯುವ ಒಂದು ಉಪಾಯವನ್ನು ನಿದ್ರಾಶಾಸ್ತ್ರಜ್ಞರು ಬಹಳ ಹಿಂದೆಯೇ ರೂಢಿಸಿದ್ದಾರೆ. ರೋಗಿಯನ್ನು ಸಂಜೆ ಹಾಸಿಗೆಯ ಮೇಲೆ ದಿಂಬಿಗೆ ಒರಗಿಸಿ, ಕಾಲು ನೀಡಿ ಕೂರಿಸುತ್ತಾರೆ. ಮೊಳಕಾಲಿನ ಕೆಳಗೆ ಮುಂಭಾಗದ ಸ್ನಾಯುವಿನ ಮೇಲೆ ವಿದ್ಯುತ್ತನ್ನು ಗ್ರಹಿಸುವ ಬಿಲ್ಲೆಗಳನ್ನು ಅಂಟಿಸುತ್ತಾರೆ. ಒಂದು ಗಂಟೆಯ ಕಾಲ ಅವನು ಎಚ್ಚರವಾಗಿದ್ದು ಅಲುಗಾಡದೆ ಕುಳಿತಿರಬೇಕು. ನಡುನಡುವೆ ತನ್ನ ಬಾಧೆ ಎಷ್ಟೆಂಬುದನ್ನು ಗುರುತು ಹಾಕಬೇಕು. ಸ್ನಾಯು ತಾನಾಗಿ ಮಿಡಿದಾಗಲೆಲ್ಲ ಯಂತ್ರ ಬರೆದುಕೊಳ್ಳುತ್ತದೆ. ಇಲ್ಲಿ ನಿದ್ರೆಗೆ ಅವಕಾಶವಿಲ್ಲ. ಆದ್ದರಿಂದ ನಿದ್ರಾಜನಕದ ಮೋಸಕ್ಕೂ ಎಡೆ ಕಡಮೆ. ಒಂದು ಸಂಜೆ ಟಿ. ಎಚ್. ಸಿ., ಇನ್ನೊಂದು ಸಂಜೆ ಹುಸಿಮದ್ದು, ಯಾವುದು ಯಾವುದೆಂದು ಯಂತ್ರದ ಬರಹವನ್ನು ಎಣಿಸುವವನಿಗೂ ತಿಳಿಸದೆ ಕೊಟ್ಟು, ಅದೇ ರೋಗಿಗಳನ್ನು ಒಂದು ವರ್ಷ ಕಳೆದ ಮೇಲೆ ಮರಳಿ ಅದೇ ದಿಂಬಿಗೆ ಒರಗಿಸಿ ನೋಡಿದರೆ, ಆ ಹದಿನೆಂಟು ಮಂದಿಯ ಕಾಲುಗಳು ನಿಜವಾಗಿ ಸುಮ್ಮನಾದವೋ, ಇಲ್ಲವೇ ಅವರು ಅವುಗಳನ್ನು ಮರೆತು ಮಲಗಿದರೋ ಎಂಬುದು ಕಾಗದದ ಮೇಲೆ ಮೂಡುತ್ತದೆ.